ಬಸುರಲ್ಲ, ಕಿಡ್ನಿ

ನಾನು ಬಸುರಿ ಎಂದು ಸುಮಾರು ಎರಡು ತಿಂಗಳು ನಂಬಿದ್ದೆ. ಹೊಟ್ಟೆಯಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಕೆಲಸ ನಿಲ್ಲಿಸುತ್ತಿದ್ದ ಎರಡು ಕಿಡ್ನಿಗಳು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಕತೆ ಕೇಳಿದವರಲ್ಲಿ ಹೆಚ್ಚಿನವರು "ಪಾಪ, ಹಳ್ಳಿ ಜನ, ತಿಳಿವಳಿಕೆ ಸಾಲದು" ಎಂದು ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಆಗ ನನಗೆ ಇಪ್ಪತ್ತಾರು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಹೊನ್ನಾಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನ್ಯಾಮತಿಯ ಹೈಸ್ಕೂಲಿನಲ್ಲಿ ಹಿಡಿದ ಚರ್ಚಾಸ್ಪರ್ಧೆಯ ಚಟ ವಿಶ್ವವಿದ್ಯಾಲಯದವರೆಗೂ ಬಿಟ್ಟಿರಲಿಲ್ಲ. ಎದುರಿನವರ ವಾದದಲ್ಲಿ ತೂತು ಹುಡುಕುವುದು ನನಗೆ ಕಾಫಿ ಕುಡಿದಷ್ಟು ಸಲೀಸು. ಅತ್ತೆ ಗಂಗಮ್ಮ ಬಸವಾಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಊರಿನ ಬಸುರಿಯರ ತೂಕ, ಊಟ, ಹೆರಿಗೆಯ ದಿನ ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಗಂಡ ಮಂಜುನಾಥ ಲೈನ್‌ಮನ್. ಮನೆಯಲ್ಲಿ ಇದ್ದದ್ದೇ ಮೂವರು, ಮೂವರಲ್ಲಿ ಒಬ್ಬರೂ ದಡ್ಡರಲ್ಲ. ಹಾಗಿದ್ದೂ ತಪ್ಪು ಹೇಗಾಯಿತು ಎಂಬುದು ಬರೆಯಬೇಕಾದ ವಿಷಯ.

ಮದುವೆಯಾಗಿ ಎಂಟನೇ ತಿಂಗಳಿಗೆ ಮುಟ್ಟು ನಿಂತಿತು. ಬೆಳಗ್ಗೆ ಎದ್ದರೆ ವಾಕರಿಕೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಒಗ್ಗರಣೆ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದೆ. ಕಾಲು ಊದಿಕೊಂಡಿತು, ಮುಖ ಬಿಳುಚಿತು. ಇಷ್ಟು ಲಕ್ಷಣ ಹೇಳಿ ಇದೇನು ಎಂದು ಯಾವ ಹೆಂಗಸನ್ನು ಕೇಳಿದರೂ ಅವಳು ನಗುತ್ತಾಳೆಯೇ ಹೊರತು ಹೆದರುವುದಿಲ್ಲ.

ಔಷಧಿ ಅಂಗಡಿಯ ಕಡ್ಡಿಯಲ್ಲಿ ಎರಡು ಸಲ ನೋಡಿದೆ. ಎರಡು ಸಲವೂ ಒಂದೇ ಗೆರೆ, ಅಂದರೆ ಬಸುರಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ವಾರ ಸ್ನಾನ ಮಾಡುವಾಗ ಎದೆಯಿಂದ ಹಾಲಿನ ಹಾಗೆ ಎರಡು ಹನಿ ಬಂತು. ಅತ್ತೆಗೆ ಹೇಳಿದೆ. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ನನ್ನ ಗಲ್ಲ ಹಿಡಿದರು.

"ಕಡ್ಡಿ ಸುಳ್ಳು ಹೇಳ್ತೈತೆ ಚೈತ್ರ. ಎದೆ ಸುಳ್ಳು ಹೇಳ್ತೈತಾ?"

ನಾನು ಸಂಶಯವಾದಿ. ರಕ್ತದಲ್ಲೇ ನೋಡಿಸೋಣ ಎಂದು ಚನ್ನಗಿರಿಗೆ ಹೋಗಿ ಗರ್ಭದ ಹಾರ್ಮೋನಿನ ಪರೀಕ್ಷೆ ಮಾಡಿಸಿದೆ. ಅಂಕಿ ಬಸುರಿಲ್ಲದವರಿಗಿಂತ ಚೂರು ಮೇಲಿತ್ತು. ಲ್ಯಾಬಿನ ಹುಡುಗಿ ಸ್ಪಷ್ಟವಾಗಿಯೇ ಹೇಳಿದಳು: "ಇದ್ರಲ್ಲಿ ಹೂಂ ಅಂತಾನೂ ಹೇಳಾಕಾಗಲ್ಲ, ಇಲ್ಲ ಅಂತಾನೂ ಹೇಳಾಕಾಗಲ್ಲ ಮೇಡಂ. ಎರಡು ದಿನ ಬಿಟ್ಟು ಇನ್ನೊಂದ್ಸಲ ಬರ್ರಿ."

ನಾನು ಹೋಗಲಿಲ್ಲ. ನನ್ನ ತಪ್ಪು ಇದೇ, ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ನನಗೆ ಬೇಕಾದ ಸಾಕ್ಷಿ ಅರ್ಧ ಸಿಕ್ಕಿತ್ತು. ಉಳಿದರ್ಧಕ್ಕೆ ಹೋದರೆ ಕೈಗೆ ಬಂದದ್ದೂ ಹೋದೀತು ಎಂದು ಒಳಗೆಲ್ಲೋ ಗೊತ್ತಿತ್ತು. ವೇದಿಕೆಯಲ್ಲಿ ಎದುರಾಳಿ ಹೀಗೆ ಮಾಡಿದ್ದರೆ ಒಂದೇ ನಿಮಿಷದಲ್ಲಿ ಮಣ್ಣು ಮುಕ್ಕಿಸುತ್ತಿದ್ದೆ.

ಅತ್ತೆಯ ತಪ್ಪು ಬೇರೆ ಥರದ್ದು. ಊರಿನ ಹೆಂಗಸರಿಗೆ ಅವರು ದಿನಾ ಬೈಯುತ್ತಿದ್ದ ಮಾತು ಒಂದೇ: "ತಿಂಗಳು ನಿಂತ ತಕ್ಷಣ ಹೆಸರು ಬರೆಸ್ರಿ. ನರ್ಸಮ್ಮನ ಹತ್ರ ಬಿ.ಪಿ. ನೋಡಿಸ್ರಿ, ಉಚ್ಚೆ ಪರೀಕ್ಷೆ ಮಾಡಿಸ್ರಿ. ಮುಚ್ಚಿಟ್ಕಂಡು ಕೂತ್ರೆ ಯಾರಿಗೆ ನಷ್ಟ?" ಅಂಥವರು ತಮ್ಮ ಸೊಸೆಯ ಹೆಸರು ಮಾತ್ರ ಬರೆಯಲಿಲ್ಲ. ಚೊಚ್ಚಲು, ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದು, ಕಣ್ಣು ಬೀಳುತ್ತದೆ. ನಾನು ವಾದಿಸಬಹುದಿತ್ತು. "ಇನ್ನೊಂದು ತಿಂಗಳು ತಾನೆ" ಎಂದು ಸುಮ್ಮನಾದೆ. ಅಂದು ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ್ದರೆ ಐದು ನಿಮಿಷದಲ್ಲಿ ಗುಟ್ಟು ಬಯಲಾಗುತ್ತಿತ್ತು. ಬದಲಿಗೆ ಮನೆಯಲ್ಲಿ ಎಳನೀರು, ಬಾಳೆಹಣ್ಣು, ಶೇಂಗಾ ಚಿಕ್ಕಿ, ದಿನಕ್ಕೆರಡು ಲೋಟ ಹಾಲು. ಕೆಟ್ಟ ಕಿಡ್ನಿಗೆ ಯಾವುದು ಬೇಡವೋ ಅದನ್ನೆಲ್ಲ ಪ್ರೀತಿಯಿಂದ ಹುಡುಕಿ ತಂದು ತಿನ್ನಿಸಿದರು.

ಒಂದು ಮಧ್ಯಾಹ್ನ ತರಗತಿಯಲ್ಲಿ ಉಸಿರು ಸಾಲದೆ ಕುರ್ಚಿಯಲ್ಲಿ ಕುಸಿದೆ. ಸಂಜೆಯೊಳಗೆ ದಾವಣಗೆರೆಯ ಆಸ್ಪತ್ರೆಯಲ್ಲಿದ್ದೆವು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರಮ್ಮನಿಗೆ ಅತ್ತೆ, ತಮ್ಮ ಕಸುಬಿನ ಗತ್ತಿನಲ್ಲೇ, "ಹನ್ನೊಂದು ವಾರ ಇರಬೇಕು ಮೇಡಂ" ಎಂದರು. ಡಾಕ್ಟರಮ್ಮ ಕೆಳಹೊಟ್ಟೆಯ ಮೇಲೆ ಆ ತಣ್ಣನೆಯ ಯಂತ್ರವನ್ನು ಆಡಿಸಿದರು. ಮತ್ತೆ ಆಡಿಸಿದರು. ಆಮೇಲೆ ಅವರ ಕೈ ನಿಧಾನವಾಗಿ ನನ್ನ ಪಕ್ಕೆಯ ಕಡೆಗೆ ಸರಿಯಿತು. ಒಂದು ಪಕ್ಕೆ ನೋಡಿ, ಮಗ್ಗುಲು ತಿರುಗಿಸಿ, ಇನ್ನೊಂದು ಪಕ್ಕೆ ನೋಡಿದರು.

"ಇವರಿಗೆ ಬಿ.ಪಿ. ಎಷ್ಟು ದಿನದಿಂದ ಇದೆ?"

ಅತ್ತೆ ಊರಿನ ನೂರಾರು ಹೆಂಗಸರಿಗೆ ಕೇಳಿದ್ದ ಪ್ರಶ್ನೆ ಅದು. ಅವರ ಕೈ ನನ್ನ ಪಾದದ ಮೇಲಿತ್ತು. ಊದಿದ ಪಾದದಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಆ ಗುಳಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಮಗು ಹೋಯಿತು ಎಂದು ಅಳುವ ಹಾಗಿಲ್ಲ, ಇರಲೇ ಇಲ್ಲವಲ್ಲ. ಆದರೂ ನಾನು ಅತ್ತುಬಿಟ್ಟೆ. ಮಂಜು ಹೊರಗಿನ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತು, "ಇಲ್ಲದೇ ಇರೋದಕ್ಕೂ ಅಳಬಹುದು, ಅಳು" ಎಂದ. ಅದು ತರ್ಕಬದ್ಧವಲ್ಲ ಎಂದು ಹೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದ್ದರಲ್ಲಿ ನನಗೆ ಬೇಕಾದದ್ದು ಇಷ್ಟು. ಕಿಡ್ನಿ ಸೋತಾಗ ರಕ್ತದಿಂದ ಹೊರಹೋಗಬೇಕಾದ ಹಾರ್ಮೋನುಗಳೂ ಒಳಗೇ ಉಳಿಯುತ್ತವೆ, ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ಹಾಲಿನ ಹಾರ್ಮೋನು ಏರಿತ್ತು, ಅದಕ್ಕೆ ಹನಿ. ಮುಟ್ಟು ತರುವವು ತಾಳ ತಪ್ಪಿದ್ದವು, ಅದಕ್ಕೆ ಅದು ನಿಂತಿತ್ತು. ಗರ್ಭದ ಹಾರ್ಮೋನಿನ ಆ ಚೂರು ಹೆಚ್ಚು ಅಂಕಿಯೂ ಇದರದ್ದೇ ಚೇಷ್ಟೆ. ದೇಹ ಸುಳ್ಳು ಹೇಳಿರಲಿಲ್ಲ. ನಿಜವನ್ನೇ ಹೇಳಿತ್ತು, ನಾವು ಬೇರೆ ಪ್ರಶ್ನೆಗೆ ಉತ್ತರ ಅಂದುಕೊಂಡಿದ್ದೆವು.

ಚನ್ನಗಿರಿಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಬೆಳಗಿನ ಬಸ್ಸಿಗೆ ಹೊರಟರೆ ಮಡಿಲಲ್ಲೊಂದು ಚಿಕ್ಕ ಫ್ಲಾಸ್ಕು, ಅದರಲ್ಲಿ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ರಕ್ತ ಹೆಚ್ಚಿಸುವ ಇಂಜೆಕ್ಷನ್ನು. ರಕ್ತ ಮಾಡು ಎಂದು ಮೂಳೆಗೆ ಹೇಳುವ ಹಾರ್ಮೋನು ಕಿಡ್ನಿಯಿಂದಲೇ ಬರುತ್ತದಂತೆ. ಕಂಡಕ್ಟರನೊಬ್ಬ ಪ್ರತಿ ಸಲ ನೋಡಿ ನೋಡಿ, "ಏನ್ ಮೇಡಂ, ಐಸ್‌ಕ್ರೀಮಾ?" ಎಂದು ಕೇಳಿದ. "ಹೂಂ, ಚುಚ್ಚೋ ಐಸ್‌ಕ್ರೀಮು" ಎಂದೆ. ಮುಂದಿನ ಸಲದಿಂದ ಅವನು ಬಾಗಿಲ ಹತ್ತಿರದ ಸೀಟು ನನಗಾಗಿ ಹಿಡಿದಿಡತೊಡಗಿದ. ಕಾಯಿಲೆ ಬಿದ್ದವರಿಗೆ ಗೊತ್ತಿರುತ್ತದೆ, ಇಂಥ ಒಂದು ಸೀಟಿನ ಮೇಲೆ ಇಡೀ ದಿನ ನಿಂತಿರುತ್ತದೆ.

ನನ್ನ ಪಕ್ಕದ ಹಾಸಿಗೆ ರುದ್ರಪ್ಪ ಮೇಷ್ಟ್ರದ್ದು. ಜಗಳೂರಿನ ಕಡೆಯವರು, ನಿವೃತ್ತ ಡ್ರಿಲ್ ಮೇಷ್ಟ್ರು, ಚನ್ನಗಿರಿಯಲ್ಲಿ ಮಗಳ ಮನೆಯಲ್ಲಿದ್ದರು. ಮೊದಲ ದಿನವೇ ನನ್ನ ರಿಪೋರ್ಟು ಇಸಿದುಕೊಂಡು, ಹೆಚ್ಚಿದ ಅಂಕಿಗೆ ಮೇಲೆ, ಇಳಿದ ಅಂಕಿಗೆ ಕೆಳಗೆ ಎಂದು ಹಾಕಿದ್ದ ಬಾಣಗಳನ್ನು ನೋಡಿ ನಕ್ಕರು.

"ನಂದೂ ಹಿಂಗೇ ಐತೆ ತಾಯಿ. ಕಿಡ್ನಿ ಅಂದ್ರೆ ಬರೀ ಉಚ್ಚೆ ಮಾಡೋ ಮಿಷನ್ನು ಅಂದ್ಕಂಡಿದ್ದೆ. ರಕ್ತಾನೂ ಅದೇ ನೋಡ್ಕಂತಿತ್ತು, ಮೂಳೇನೂ ಅದೇ, ಗಂಡಸ್ತನಾನೂ ಅದೇ. ಮನೇಲಿ ಹೆಂಡ್ತಿ ಏನೇನ್ ಮಾಡ್ತಿದ್ಲು ಅಂತ ಅವಳು ತವರಿಗೆ ಹೋದ್ಮೇಲೆ ಗೊತ್ತಾಗಲ್ವಾ, ಹಂಗೆ."

ಅವರಿಗೆ ಮೂಳೆ ನೋವು, ಮೈತುಂಬ ತುರಿಕೆ; ಗಂಟಲಿನ ಬಳಿಯ ಯಾವುದೋ ಗ್ರಂಥಿಯ ಹಾರ್ಮೋನು ಏರಿ ಮೂಳೆಯ ಸುಣ್ಣವನ್ನೆಲ್ಲ ಕರಗಿಸುತ್ತಿತ್ತು. ಅಡ್ಡಡ್ಡ ಮಲಗಿ ಬೆನ್ನು ತುರಿಸಿಕೊಳ್ಳಲು ಸ್ಕೇಲು ತರುತ್ತಿದ್ದರು. ಒಂದು ದಿನ ಅದನ್ನು ನನಗೂ ಕೊಟ್ಟರು. ಗಂಡಸಿನ ಹಾರ್ಮೋನು ಬಿದ್ದುಹೋಗಿದೆ ಎಂದು ಒಬ್ಬ ಡ್ರಿಲ್ ಮೇಷ್ಟ್ರು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನ್ನ ನಾಚಿಕೆ ಅರ್ಧ ಇಳಿಯಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸದಿರಲಾಗಲಿಲ್ಲ. ಅವರ ರಿಪೋರ್ಟಿನಲ್ಲೂ ನನ್ನದರಲ್ಲಿದ್ದಷ್ಟೇ ಬಾಣಗಳಿದ್ದವು. ಅವರು ಇನ್ನು ಮನೆಗೆ ಉಪಯೋಗವೇ ಎಂದು ಯಾರೂ ಕೇಳಿರಲಿಲ್ಲ.

ನನ್ನ ವಿಷಯದಲ್ಲಿ ಕೇಳಿದರು. ಮಂಜುವಿನ ದೊಡ್ಡಮ್ಮ ನನ್ನನ್ನು ನೋಡಲು ಬಂದು, ನಾನು ಒಳಗೆ ಮಲಗಿದ್ದಾಗ ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದ್ದು ನನಗೆ ಕೇಳಿಸಿತು. ಬಹುಶಃ ಕೇಳಿಸಲಿ ಎಂದೇ ಹೇಳಿದ್ದು.

"ಮುಟ್ಟೇ ನಿಂತೈತೆ ಅಂತೀಯ. ಇನ್ನು ಆ ಹೊಟ್ಟೇಲಿ ಏನ್ ಹುಟ್ಟತೈತೆ ಗಂಗಾ? ಇರೋದು ಒಬ್ಬ ಮಗ. ಯೋಚ್ನೆ ಮಾಡು."

ಅತ್ತೆ ಏನು ಹೇಳುತ್ತಾರೆ ಎಂದು ಕಿವಿಗೊಟ್ಟೆ. ಲೋಟ ತೊಳೆಯುವ ಸದ್ದಷ್ಟೇ ಬಂತು. ಅಂದಿನಿಂದ ಸೂಜಿಗಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ ಪ್ರಶ್ನೆ ಒಂದೇ: ಈ ಮನೆಗೆ ಬೇಕಾಗಿರುವುದು ನಾನೋ, ನನ್ನಿಂದ ಹುಟ್ಟಬೇಕಾದದ್ದೋ?

ಇದರ ನಡುವೆ ನಗು ಬರಿಸುವ ಸಂಗತಿಯೂ ಇತ್ತು. ನಮ್ಮ ಬೀದಿಯಲ್ಲಿ ಮುಟ್ಟಾದವರು ಮೂರು ದಿನ ದೇವರ ಕೋಣೆಗೆ ಹೋಗುವುದಿಲ್ಲ, ಪೂಜೆಯ ಸಾಮಾನು ಮುಟ್ಟುವುದಿಲ್ಲ. ನನಗೆ ಮುಟ್ಟೇ ಇಲ್ಲ. ಹಾಗಾಗಿ ಯಾರ ಮನೆಯಲ್ಲಿ ಆರತಿಗೆ ಹೆಂಗಸರು ಕಡಿಮೆ ಬಿದ್ದರೂ "ಚೈತ್ರನ್ನ ಕರೀರಿ, ಅವಳು ಯಾವಾಗ್ಲೂ ಒಳಗೇ ಇರ್ತಾಳೆ" ಎನ್ನುತ್ತಿದ್ದರು. ದೇವರಿದ್ದಾನೆಯೇ ಎಂಬ ವಿಷಯದ ಮೇಲೆ ವಿರೋಧ ಪಕ್ಷದಲ್ಲಿ ನಿಂತು ಬಹುಮಾನ ತಂದವಳು ನಾನು. ಊರಿಗೆಲ್ಲ ಆರತಿ ಎತ್ತುವವಳಾದೆ. ಅದೇ ಬೀದಿಯ ಸೀಮಂತಗಳಿಗೆ ಮಾತ್ರ ಕರೆ ಬರುತ್ತಿರಲಿಲ್ಲ. ಎರಡಕ್ಕೂ ಕಾರಣ ಒಂದೇ ಹಾರ್ಮೋನು ಎಂದು ಅವರಿಗೆ ಹೇಳಿದ್ದರೆ ಅರ್ಥವಾಗುತ್ತಿತ್ತೋ ಇಲ್ಲವೋ. ನಾನು ಹೇಳಲಿಲ್ಲ.

ಕಿಡ್ನಿ ಕಸಿ ಮಾಡಿಸುವುದೇ ದಾರಿ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ತವರೂರು ಗೋವಿನಕೋವಿಯಿಂದ ಅವ್ವ ಓಡಿ ಬಂದಳು. ಅವಳಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು. ಅಪ್ಪ ಇಲ್ಲ, ಒಡಹುಟ್ಟಿದವರಿಲ್ಲ. ಅತ್ತೆ ಯಾರನ್ನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಂದು ತಗಳ್ರಿ" ಎಂದು ಎದ್ದು ನಿಂತರು. ಅವರ ಬಿ.ಪಿ. ನೋಡಿ ಅವರನ್ನೂ ಕೂರಿಸಿದರು. ಮಂಜುವಿನ ರಕ್ತದ ಗುಂಪು ಹೊಂದಿತು. ಮುಂದಿನ ಪರೀಕ್ಷೆಗಳೂ ಹೊಂದಿದವು.

ಅಂದಿನಿಂದ ಅತ್ತೆ ಮಾತು ನಿಲ್ಲಿಸಿದರು. ಊಟ ಬಡಿಸುತ್ತಿದ್ದರು, ಡಾಕ್ಟರು ಹೇಳಿದಷ್ಟೇ ನೀರು ಅಳೆದು ಕೊಡುತ್ತಿದ್ದರು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಒಂದು ವಾರ ತಡೆದೆ. ಎಂಟನೇ ದಿನ ಬೆಳಗ್ಗೆ ಅವರು ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಕೂತೆ.

"ಬ್ಯಾಡ ಅನ್ನೋದಿದ್ರೆ ಬ್ಯಾಡ ಅಂದುಬಿಡ್ರಿ ಅತ್ತೆ. ಹಿಂಗೆ ಮೂತಿ ತಿರುಗಿಸ್ಕಂಡು ಇರಬ್ಯಾಡ್ರಿ."

ಅವರು ಮೊರ ಕೆಳಗಿಟ್ಟರು. "ಬ್ಯಾಡ ಅಂದ್ರೆ ಸೊಸೇನ ಸಾಯಾಕೆ ಬಿಟ್ಟೋಳು ನಾನು. ಹೂಂ ಅಂದ್ರೆ ಮಗನ ಹೊಟ್ಟೆ ಕೊಯ್ಸಿದೋಳು ನಾನು. ನೀನು ಡಿಬೇಟು ಕಲ್ತೋಳಲ್ವಾ, ಯಾವ ಕಡೆ ನಿಂತ್ರೆ ಗೆಲ್ತೀನಿ ಹೇಳು."

ಉತ್ತರ ಹೊಳೆಯದಾಗ ನಾನು ಮಾಡುವುದು ಒಂದೇ, ಎದುರು ಪಕ್ಷದ ವಾದವನ್ನು ನಾನೇ ಮಂಡಿಸುವುದು. ಶುರು ಮಾಡಿದೆ. ಮಂಜು ಕಂಬ ಹತ್ತುವವನು, ನಾಳೆ ಬಿದ್ದು ಒಂದೇ ಕಿಡ್ನಿಗೆ ಏಟಾದರೆ? ನನ್ನ ದೇಹ ಆ ಕಿಡ್ನಿಯನ್ನು ಒಪ್ಪದೇ ಹೋದರೆ ಇಬ್ಬರಿಗೂ ನಷ್ಟ. ನನಗೆ ಮಗು ಆಗುತ್ತದೆಂಬ ಖಾತ್ರಿ ಯಾರೂ ಕೊಡುವುದಿಲ್ಲ. ಗಂಡ ಹೆಂಡತಿಗೆ ಕೊಡುವುದನ್ನು ಊರು ಇನ್ನೂ ನೋಡಿಲ್ಲ, ನಾಲಿಗೆಗಳು ಸುಮ್ಮನಿರುವುದಿಲ್ಲ. ಒಂದೊಂದೇ ಬೆರಳು ಮಡಚುತ್ತ ಹೇಳಿದೆ. ಹೇಳುತ್ತ ಹೇಳುತ್ತ ವಾದ ಎಷ್ಟು ಚೆನ್ನಾಗಿ ಬಂತೆಂದರೆ ಕೊನೆಗೆ ನಾನೇ ಹೆದರಿದೆ.

ಅತ್ತೆ ಬಾಯಿ ಬಿಟ್ಟು ಕೇಳುತ್ತಿದ್ದರು. "ಇಷ್ಟೊಂದು ಪಾಯಿಂಟು ನಂಗೂ ಹೊಳೆದಿರ್ಲಿಲ್ಲ ಬಿಡು," ಎಂದರು. "ಈಗ ನಿನ್ ಕಡೇದು ಹೇಳು."

"ನನ್ ಕಡೇದು ಒಂದೇ ಅತ್ತೆ. ನಂಗೆ ಬದುಕಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ಹೆಲ್ಮೆಟ್ಟು ಹಿಡಿದು ನಿಂತಿದ್ದ ಮಂಜು, "ಕಿಡ್ನಿ ನಂದು. ನನ್ನನ್ನೂ ಯಾರಾದ್ರೂ ಒಂದು ಮಾತು ಕೇಳ್ತೀರಾ?" ಎಂದ. ಅತ್ತೆ ತಿರುಗಿ, "ನೀನು ಸುಮ್ಕಿರು, ಮಾತು ಇನ್ನೂ ಮುಗಿದಿಲ್ಲ" ಎಂದು ಗದರಿದರು. ಗದರಿ, ಆಮೇಲೆ ನಕ್ಕರು. ಎಂಟು ದಿನದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅವರು ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲೇ ಇಲ್ಲ. ಮರುದಿನ ದೊಡ್ಡಮ್ಮನಿಗೆ ಫೋನು ಮಾಡಿ, "ಯೋಚ್ನೆ ಮಾಡು ಅಂದಿದ್ಯಲ್ಲಕ್ಕಾ, ಮಾಡಿದೆ. ಮಂಜ ಕೊಡ್ತಾನೆ" ಎಂದು ಇಟ್ಟರು.

ಅಂಗದಾನಕ್ಕೆ ಒಪ್ಪಿಗೆ ಕೊಡುವ ಆಸ್ಪತ್ರೆಯ ಸಮಿತಿ ಮಂಜುವನ್ನು ಬೇರೆಯಾಗಿ, ನನ್ನನ್ನು ಬೇರೆಯಾಗಿ ಕೂರಿಸಿ ಕೇಳಿತು. ಅತ್ತೆಯನ್ನೂ ಕರೆದರು. ಮಗನಿಗೆ ಯಾರಾದರೂ ಒತ್ತಾಯ ಮಾಡಿದ್ದಾರಾ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಹೊರಗೆ ಬಂದು ನಮಗೂ ಒಪ್ಪಿಸಿದರು: "ಒತ್ತಾಯ ಮಾಡಿ ಒಂದು ಹಾಗಲಕಾಯಿ ತಿನ್ಸಾಕಾಗಿಲ್ಲ ಸ್ವಾಮಿ ನನ್ ಕೈಲಿ. ಅವನ ಕಿಡ್ನಿ ಯಾರು ಕಿತ್ಕಂತಾರೆ ಅಂದೆ. ಒಬ್ರು ನಕ್ರು, ಇನ್ನೊಬ್ರು ಬರ್ಕಂಡ್ರು."

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಸ್ಟ್ರೆಚರಿನ ಮೇಲೆ ನಾನು ಹೆದರಿದ್ದೆ, ಇದರಲ್ಲಿ ವಾದವಿಲ್ಲ. ಎಚ್ಚರವಾದಾಗ ನರ್ಸು ಹಾಸಿಗೆಯ ಪಕ್ಕದ ಚೀಲ ತೋರಿಸಿ, "ನೋಡ್ರಿ, ಮೂತ್ರ ಬರ್ತಾ ಇದೆ" ಎಂದಳು. ಆ ಹಳದಿ ನೀರನ್ನು ನೋಡಿ ನಾನು ಅತ್ತುಬಿಟ್ಟೆ. ಮಂಜು ಇನ್ನೊಂದು ವಾರ್ಡಿನಿಂದ, ನೋವಿನಲ್ಲೂ, "ನನ್ ಕಿಡ್ನಿ ಡ್ಯೂಟಿಗೆ ಹಾಜರಾಯ್ತಾ?" ಎಂದು ಕೇಳಿ ಕಳಿಸಿದ್ದ. ಮೂರು ತಿಂಗಳು ಅವನು ಕಂಬ ಹತ್ತಲಿಲ್ಲ. ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸ ಕೊಟ್ಟರು. ಈಗ ಮೊದಲಿನ ಹಾಗೆಯೇ ಹತ್ತುತ್ತಾನೆ.

ಬಾಯಿಯ ಕಬ್ಬಿಣದ ರುಚಿ ಒಂದು ವಾರದಲ್ಲಿ ಹೋಯಿತು. ರಕ್ತದ ಇಂಜೆಕ್ಷನ್ನು ಬೇಡವಾಯಿತು, ಮಂಜುವಿನ ಕಿಡ್ನಿಯೇ ಆ ಕೆಲಸ ನೋಡಿಕೊಂಡಿತು. ಮೂರನೇ ತಿಂಗಳು, ಬಸವಾಪಟ್ಟಣಕ್ಕೆ ವಾಪಸಾದ ಮೇಲೆ, ಒಂದು ಬೆಳಗ್ಗೆ ಸೀರೆಯಲ್ಲಿ ಕಲೆ ಕಂಡಿತು. ಅತ್ತೆಗೆ ಹೇಳಿದೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಆಪರೇಷನ್ನಿನ ಗಾಯದ್ದಾ?"

"ಗಾಯ ಒಣಗಿ ಎಷ್ಟು ದಿನ ಆತು ಅತ್ತೆ. ಇದು ತಿಂಗಳದ್ದು."

"ನಾನು ಹೇಳಲ್ಲಪ್ಪ. ಒಂದ್ಸಲ ಹೇಳಿ ಸಾಕಾಗೈತೆ. ಡಾಕ್ಟರಿಗೆ ಫೋನ್ ಮಾಡು, ರಕ್ತ ಪರೀಕ್ಷೆ ಮಾಡಿಸು, ಅವರು ಬರ್ದು ಕೊಟ್ಟ ಮೇಲೆ ನಂಬ್ತೀನಿ."

ನಮ್ಮ ಮನೆಯಲ್ಲಿ ನನಗಿಂತ ದೊಡ್ಡ ಸಂಶಯವಾದಿ ಹುಟ್ಟಿಕೊಂಡಿದ್ದರು. ಪರೀಕ್ಷೆ ಮಾಡಿಸಿದೆ. ಬಾಣಗಳೆಲ್ಲ ಮಾಯವಾಗಿದ್ದವು. ಆದರೆ ಫೋನಿನಲ್ಲಿ ಬೆಂಗಳೂರಿನ ಡಾಕ್ಟರು ಇನ್ನೊಂದು ಮಾತು ಹೇಳಿದರು, ಅತ್ತೆಯೂ ಸ್ಪೀಕರಿನಲ್ಲಿ ಕೇಳಿಸಿಕೊಂಡರು. ಮುಟ್ಟು ಬಂತೆಂದರೆ ಬಸುರಾಗಲೂಬಹುದು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯೊಂದು ಕೂಸಿಗೆ ಅಪಾಯ. ಹೊಸ ಕಿಡ್ನಿಗೂ ಹೊರೆ. ಇನ್ನು ಕನಿಷ್ಠ ಒಂದು ವರ್ಷ ಬೇಡವೇ ಬೇಡ. ಆಮೇಲೆ ಎಲ್ಲ ಸರಿಯಿದ್ದರೆ, ನಿಮಗೆ ಬೇಕೆನಿಸಿದರೆ, ಮಾತ್ರೆ ಬದಲಿಸಿ ನೋಡೋಣ.

ಫೋನು ಇಟ್ಟ ಮೇಲೆ ನಾನು ಅತ್ತೆಯ ಮುಖ ನೋಡಲಿಲ್ಲ. ದೊಡ್ಡಮ್ಮ ಪಡಸಾಲೆಯಲ್ಲಿ ಕೇಳಿದ್ದ ಪ್ರಶ್ನೆ ಇನ್ನೂ ಅಲ್ಲೇ ಕೂತಿತ್ತು. ಕೊನೆಗೂ ಆಗಬಹುದು ಎಂದಾದಾಗ ಬೇಡ ಎನ್ನಬೇಕು. ಇದನ್ನು ಈ ಮನೆ ಎಷ್ಟು ದಿನ ತಡೆದೀತು? ಅತ್ತೆ "ಹೂಂ" ಎಂದಷ್ಟೇ ಹೇಳಿ ಕೆಲಸಕ್ಕೆ ಹೋದರು.

ಆ ಗುರುವಾರ ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು. "ನೀನೂ ಬಾ, ಒಳಗೆ ಬರಬ್ಯಾಡ, ಗದ್ದಲ ಐತೆ, ಹೊರಗೆ ಬೇವಿನ ಮರದ ಹತ್ರ ನಿಂತಿರು" ಎಂದರು ಅತ್ತೆ. ಯಾಕೆಂದು ಹೇಳಲಿಲ್ಲ. ಸೋಂಕು ತಗುಲಬಾರದೆಂದು ಮುಖಗವಸು ಹಾಕಿಕೊಂಡು ನಿಂತೆ. ಜಗಲಿಯ ತುಂಬ ಕೂಸು ಎತ್ತಿಕೊಂಡ ಹೆಂಗಸರು. ಆಶಾ ಕಾರ್ಯಕರ್ತೆ ಶಾಂತಕ್ಕ ಚೀಲ ಬಿಚ್ಚಿಕೊಂಡು ಕೂತಿದ್ದಳು. ಅತ್ತೆ ಹೋಗಿ ಅವಳ ಮುಂದೆ ಕೈ ಚಾಚಿದರು.

"ನಿರೋಧ್ ಪೊಟ್ಟಣ ಕೊಡು."

"ಯಾರಿಗೆ ಗಂಗಕ್ಕ?"

"ನನ್ ಮಗ ಸೊಸೆಗೆ."

ಜಗಲಿಯಲ್ಲಿ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಶಾಂತಕ್ಕ ದನಿ ತಗ್ಗಿಸಿದಳು. "ಅಲ್ಲಕ್ಕಾ, ದೇವ್ರು ಕಣ್ಬಿಟ್ಟವ್ನೆ, ಮುಟ್ಟು ಬಂದೈತೆ ಅಂತಿದ್ರಿ. ಒಂದು ಕೂಸು ಆಗ್ಲಿ ಬಿಡ್ರಿ."

"ಅವಳಿದ್ರೆ ತಾನೇ ಕೂಸು," ಎಂದರು ಅತ್ತೆ. ದನಿ ತಗ್ಗಿಸಲಿಲ್ಲ. ಇಪ್ಪತ್ತು ವರ್ಷ ಊರಿನ ಹೆಂಗಸರಿಗೆ ಬೈದ ದನಿ ಅದು, ಬೇವಿನ ಮರದ ತನಕ ಆರಾಮಾಗಿ ಕೇಳಿಸಿತು. "ಕೂಸು ಆಗ್ಲಿಲ್ಲ ಅಂದ್ರೂ ಅವಳಿರ್ಲಿ. ತೆಗಿ ತೆಗಿ, ಎಲ್ಲರ ಮುಂದೇನೇ ತೆಗಿ. ಮುಚ್ಚಿಡೋ ಕೆಲ್ಸ ನಾನು ಬಿಟ್ಟೀನಿ."

ಶಾಂತಕ್ಕ ಚೀಲಕ್ಕೆ ಕೈಹಾಕಿ, "ಎಷ್ಟು ಕೊಡ್ಲಿ?" ಎಂದಳು.

ಅತ್ತೆ ಜಗಲಿಯ ಅಂಚಿಗೆ ಬಂದು, ಅಷ್ಟೂ ಹೆಂಗಸರ ತಲೆಯ ಮೇಲಿಂದ ಕೂಗಿದರು: "ಚೈತ್ರಾ, ಎಷ್ಟು ಬೇಕು ಅಂತ ಕೇಳ್ತಾಳೆ ನೋಡು!"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಎಷ್ಟೋ ವೇದಿಕೆಗಳ ಮೇಲೆ ನಿಂತಿದ್ದೇನೆ, ಕೇಳುವವರೆಲ್ಲ ಇಷ್ಟೊಂದು ಆಸಕ್ತಿಯಿಂದ ಕಾದದ್ದು ನೆನಪಿಲ್ಲ. ಮುಖಗವಸು ಗಲ್ಲಕ್ಕೆ ಇಳಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಒಂದು ವರ್ಷಕ್ಕಾಗೋಷ್ಟು ಕೊಡಾಕೆ ಹೇಳ್ರಿ ಅತ್ತೆ. ಮುಂದಿಂದು ಆಮೇಲೆ ನೋಡಾನ."